ಸಂಬಳದ ಚೀಟಿಯ ಮತ, ಪಾಸ್‌ಪೋರ್ಟಿನ ಮತ

ಆಸ್ಟ್ರಿಯಾದ ಪಶ್ಚಿಮ ತುದಿಯಲ್ಲಿ, ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ಗಡಿಗಳಿಗೆ ಒತ್ತಿಕೊಂಡು, ಫೋರಾರ್ಲ್‌ಬೆರ್ಗ್ ಎಂಬ ಪುಟ್ಟ ರಾಜ್ಯವಿದೆ. ವಿಸ್ತೀರ್ಣದಲ್ಲಿ ನಮ್ಮ ಕೊಡಗಿಗಿಂತ ಚಿಕ್ಕದು. ಜನಸಂಖ್ಯೆ 4 ಲಕ್ಷದ ಆಸುಪಾಸು. ಇಲ್ಲಿ ತುರ್ಕಿಯಿಂದ ಕೂಲಿಗೆ ಬಂದವರ ಮಕ್ಕಳು ಮೊಮ್ಮಕ್ಕಳು ತಮ್ಮದೇ ಪಟ್ಟಿಗಳನ್ನು ಕಟ್ಟಿಕೊಂಡು ಎರಡು ಬಗೆಯ ಚುನಾವಣೆಗಳಿಗೆ ನಿಂತಿದ್ದಾರೆ. ಒಂದು, ಕೆಲಸಗಾರರ ಪ್ರತಿನಿಧಿ ಸಂಸ್ಥೆಯಾದ ಕಾರ್ಮಿಕ ಛೇಂಬರಿನದು. ಇನ್ನೊಂದು, ರಾಜ್ಯ ಶಾಸನಸಭೆಯದು. ಮೊದಲನೆಯದರಲ್ಲಿ ಸ್ಥಾನ ಗೆದ್ದಿದ್ದಾರೆ, ಎರಡನೆಯದರಲ್ಲಿ ಖಾತೆ ತೆರೆದಿಲ್ಲ. ಊರು ಅದೇ, ಜನ ಅವರೇ, ಬೇಡಿಕೆಗಳೂ ಹೆಚ್ಚುಕಡಿಮೆ ಅವೇ. ಮತದಾರರ ಪಟ್ಟಿಗೆ ಯಾರ ಹೆಸರು ಯಾವ ಆಧಾರದ ಮೇಲೆ ಸೇರುತ್ತದೆ ಎನ್ನುವುದಷ್ಟೇ ಬೇರೆ.

ಫೋರಾರ್ಲ್‌ಬೆರ್ಗಿಗೆ ಹೊರಗಿನ ಕೆಲಸಗಾರರು ಹೊಸಬರಲ್ಲ. 19ನೇ ಶತಮಾನದ ಕೊನೆಯಲ್ಲಿ ಇಲ್ಲಿನ ನೂಲುಗಿರಣಿಗಳಿಗೂ ಆರ್ಲ್‌ಬೆರ್ಗ್ ಬೆಟ್ಟ ಕೊರೆದು ಹಾಕಿದ ರೈಲುಮಾರ್ಗಕ್ಕೂ ಇಟಾಲಿಯನ್ ಮಾತಾಡುವ ಟ್ರೆಂಟಿನೋ ಪ್ರದೇಶದ ಬಡವರು ಗುಂಪುಗುಂಪಾಗಿ ಬಂದಿದ್ದರು. ಅವರ ಮನೆತನದ ಹೆಸರುಗಳು ಈಗಲೂ ಇಲ್ಲಿನ ಅಂಗಡಿಗಳ ಫಲಕದಲ್ಲಿ ಕಾಣುತ್ತವೆ, ಆದರೆ ಅವರನ್ನು ಈಗ ಯಾರೂ ವಲಸಿಗರೆಂದು ಕರೆಯುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಡೋರ್ನ್‌ಬಿರ್ನ್‌ನ ಬಟ್ಟೆ ಗಿರಣಿಗಳೂ ಲುಸ್ಟೆನೌ ಊರಿನ ಕಸೂತಿ ಕಾರ್ಖಾನೆಗಳೂ ಭರದಿಂದ ಬೆಳೆದವು. ಲುಸ್ಟೆನೌ ಕಸೂತಿ ನೈಜೀರಿಯಾದ ಮದುವೆಮನೆಗಳವರೆಗೂ ಹೋಗಿ ಮಾರಾಟವಾಗುತ್ತಿತ್ತು. ಬೇಡಿಕೆಗೆ ತಕ್ಕಷ್ಟು ಕೈಗಳು ಊರಲ್ಲಿ ಇರಲಿಲ್ಲ. ಇದ್ದವರಲ್ಲೂ ಹಲವರು ಹೆಚ್ಚಿನ ಸಂಬಳಕ್ಕೆ ಗಡಿಯಾಚೆ ಸ್ವಿಟ್ಜರ್ಲೆಂಡಿಗೆ ಹೋಗಿಬರುತ್ತಿದ್ದರು.

1961ರ ಕೊನೆಯಲ್ಲಿ ಉದ್ಯಮಿಗಳ ಛೇಂಬರಿನ ಮುಖ್ಯಸ್ಥ ಯೂಲಿಯುಸ್ ರಾಬ್ ಮತ್ತು ಕಾರ್ಮಿಕ ಸಂಘಗಳ ಒಕ್ಕೂಟದ ಅಧ್ಯಕ್ಷ ಫ್ರಾಂಟ್ಸ್ ಓಲಾ ಕೂತು ಒಂದು ಒಪ್ಪಂದ ಮಾಡಿಕೊಂಡರು: ಮರುವರ್ಷ 47,000 ವಿದೇಶಿ ಕೆಲಸಗಾರರನ್ನು ತರಿಸಿಕೊಳ್ಳಬಹುದು. ಇದಾದ ಮೇಲೆ ಸರ್ಕಾರಗಳ ನಡುವಿನ ಒಪ್ಪಂದಗಳು ಬಂದವು. 1964ರಲ್ಲಿ ತುರ್ಕಿಯೊಂದಿಗೆ, 1966ರಲ್ಲಿ ಯುಗೊಸ್ಲಾವಿಯಾದೊಂದಿಗೆ. ಬಂದವರನ್ನು 'ಅತಿಥಿ ಕಾರ್ಮಿಕರು' ಎಂದು ಕರೆದರು. ವರ್ಷವೋ ಎರಡು ವರ್ಷವೋ ದುಡಿದು ಹೋಗಲಿ, ಅವರ ಜಾಗಕ್ಕೆ ಬೇರೆಯವರು ಬರಲಿ ಎಂಬುದು ಲೆಕ್ಕಾಚಾರ. ಅದು ಕಾಗದದ ಮೇಲೆಯೇ ಉಳಿಯಿತು. ಕೆಲಸ ಕಲಿತವನನ್ನು ಕಳಿಸಿ ಕಲಿಯದವನನ್ನು ತರಿಸಿಕೊಳ್ಳಲು ಮಾಲೀಕರಿಗೇ ಇಷ್ಟವಿರಲಿಲ್ಲ. ಬಂದವರಿಗೂ ಅಂದುಕೊಂಡಷ್ಟು ಹಣ ಬೇಗ ಕೂಡಲಿಲ್ಲ. 1970ರ ದಶಕದ ಮಧ್ಯದಲ್ಲಿ ಹೊಸ ನೇಮಕಾತಿ ನಿಂತಾಗ, ಒಮ್ಮೆ ಹೋದರೆ ಮತ್ತೆ ಬರಲಾಗದೆಂದು ತಿಳಿದ ಕಾರ್ಮಿಕರು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದರೂ ಜನ ಉಳಿದರು. ಅವರ ಮಕ್ಕಳು ಲೋಹದ ಕೆಲಸಕ್ಕೆ, ಕಟ್ಟಡಗಳಿಗೆ, ಅಂಗಡಿ ಹೋಟೆಲುಗಳಿಗೆ ಸೇರಿದರು.

ಕಾರ್ಮಿಕ ಛೇಂಬರ್ ಎಂಬ ಸಂಸ್ಥೆಗೆ ನಮ್ಮಲ್ಲಿ ಸರಿಸಮನಾದದ್ದು ಇಲ್ಲ. ಜರ್ಮನ್ ಭಾಷೆಯಲ್ಲಿ ಅದಕ್ಕೆ ಆರ್ಬೈಟರ್‌ಕಾಮರ್ ಎನ್ನುತ್ತಾರೆ. ವ್ಯಾಪಾರಿಗಳಿಗೆ ಕಾನೂನುಬದ್ಧವಾದ ಛೇಂಬರ್ ಇರುವಾಗ ದುಡಿಯುವವರಿಗೂ ಒಂದಿರಬೇಕು ಎಂಬ ಹಳೆಯ ಬೇಡಿಕೆ 1920ರಲ್ಲಿ ಕಾನೂನಾಯಿತು. 1938ರಲ್ಲಿ ನಾಜಿಗಳು ಮುಚ್ಚಿಸಿದರು, 1945ರಲ್ಲಿ ಮತ್ತೆ ತೆರೆಯಿತು. ಒಂಬತ್ತು ರಾಜ್ಯಗಳಿಗೆ ಒಂಬತ್ತು ಛೇಂಬರುಗಳು. ಸಂಬಳಕ್ಕೆ ದುಡಿಯುವ ಹೆಚ್ಚುಕಡಿಮೆ ಎಲ್ಲರೂ ಕಡ್ಡಾಯವಾಗಿ ಸದಸ್ಯರು. ಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಪಿ.ಎಫ್. ಹಿಡಿಯುವಂತೆ ಸಂಬಳದ ಶೇ. 0.5ರಷ್ಟನ್ನು ಮೊದಲೇ ಮುರಿದುಕೊಳ್ಳುತ್ತಾರೆ. ಸಂಬಳ ಏರಿಕೆಯ ಮಾತುಕತೆ ನಡೆಸುವುದು ಕಾರ್ಮಿಕ ಸಂಘಗಳ ಕೆಲಸ. ಛೇಂಬರ್ ಮಾಡುವುದು ಬೇರೆ: ಕೆಲಸದಿಂದ ತೆಗೆದುಹಾಕಿದರೆ ವಕೀಲರ ನೆರವು, ತೆರಿಗೆ ಮತ್ತು ಗ್ರಾಹಕ ಹಕ್ಕುಗಳ ಸಲಹೆ, ತರಬೇತಿ, ಮತ್ತು ಸರ್ಕಾರ ತರುವ ಮಸೂದೆಗಳ ಮೇಲೆ ಅಧಿಕೃತ ಅಭಿಪ್ರಾಯ. ಕೊನೆಯದು ಚಿಕ್ಕ ಅಧಿಕಾರವಲ್ಲ. ಛೇಂಬರಿನ ಮಾತನ್ನು ಕೇಳದೆ ಆಸ್ಟ್ರಿಯಾದಲ್ಲಿ ಕಾರ್ಮಿಕ ಕಾನೂನು ಮಾಡುವುದು ಕಷ್ಟ.

ಐದು ವರ್ಷಕ್ಕೊಮ್ಮೆ ಈ ಛೇಂಬರುಗಳ ಮಹಾಸಭೆಗೆ ಚುನಾವಣೆ ನಡೆಯುತ್ತದೆ. ಫೋರಾರ್ಲ್‌ಬೆರ್ಗಿನ ಸಭೆಯಲ್ಲಿ 70 ಸ್ಥಾನ. ವ್ಯಕ್ತಿಗಳಿಗಲ್ಲ, ಪಟ್ಟಿಗಳಿಗೆ ಮತ. ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ. ದೊಡ್ಡ ಪಕ್ಷಗಳ ಕಾರ್ಮಿಕ ವಿಭಾಗಗಳೇ ಮುಖ್ಯ ಸ್ಪರ್ಧಿಗಳು. ಹೆಚ್ಚಿನ ರಾಜ್ಯಗಳಲ್ಲಿ ಸಮಾಜವಾದಿಗಳ ಕೈ ಮೇಲಾದರೆ, ಫೋರಾರ್ಲ್‌ಬೆರ್ಗ್ ಮತ್ತು ಟಿರೋಲ್‌ಗಳಲ್ಲಿ ಸಂಪ್ರದಾಯವಾದಿ ಜನತಾ ಪಕ್ಷದ ಕಾರ್ಮಿಕ ವಿಭಾಗದ್ದು. ಮತದಾನ ಹಲವು ದಿನ ನಡೆಯುತ್ತದೆ, ಅಂಚೆಯ ಮೂಲಕವೂ ಕಾರ್ಖಾನೆಯೊಳಗಿನ ಮತಗಟ್ಟೆಗಳಲ್ಲೂ. ಮತ ಹಾಕುವವರು ಮಾತ್ರ ಶೇ. 40ರ ಆಸುಪಾಸು.

ಈ ಚುನಾವಣೆಯ ಮತದಾರರ ಪಟ್ಟಿ ಸದಸ್ಯರ ಪಟ್ಟಿಯೇ. ಆದ್ದರಿಂದ ತುರ್ಕಿಯ ಪಾಸ್‌ಪೋರ್ಟ್ ಇಟ್ಟುಕೊಂಡ ಗಿರಣಿ ಕೆಲಸಗಾರನಿಗೂ ಮತವಿತ್ತು. ಇಲ್ಲದಿದ್ದದ್ದು ಅಭ್ಯರ್ಥಿಯಾಗುವ ಹಕ್ಕು. ದೇಶದ ಸಂಸತ್ತಿಗೆ ನಿಲ್ಲಲು ಅರ್ಹತೆ ಇದ್ದವರಷ್ಟೇ ಛೇಂಬರಿಗೆ ನಿಲ್ಲಬಹುದು ಎಂದು ಕಾನೂನು ಹೇಳುತ್ತಿತ್ತು. ಅಂದರೆ ಆಸ್ಟ್ರಿಯಾದ ಪೌರತ್ವ ಬೇಕು. ದುಡ್ಡು ಕೊಡು, ಮತ ಹಾಕು, ಆದರೆ ಸಭೆಯಲ್ಲಿ ಕೂರಬೇಡ ಎಂಬ ಈ ವ್ಯವಸ್ಥೆಯನ್ನು ಮುರಿಯುವ ಕೆಲಸ ಇದೇ ಪುಟ್ಟ ರಾಜ್ಯದಲ್ಲಿ ಶುರುವಾಯಿತು.

1999ರ ಏಪ್ರಿಲ್‌ನಲ್ಲಿ ಫೋರಾರ್ಲ್‌ಬೆರ್ಗಿನ ಛೇಂಬರಿಗೆ ಚುನಾವಣೆ ಬಂತು. ಹಸಿರು ಪಕ್ಷದತ್ತ ಒಲವಿದ್ದ ಕಾರ್ಮಿಕ ಕಾರ್ಯಕರ್ತರೂ ವಲಸೆ ಕಾರ್ಮಿಕರೂ ಸೇರಿ ಒಂದು ಪಟ್ಟಿ ಮಾಡಿದರು. ಅದರ ಹೆಸರಿನಲ್ಲಿ 'ಒಟ್ಟಾಗಿ' ಎಂಬ ಮಾತು ಜರ್ಮನ್, ಸರ್ಬಿಯನ್, ತುರ್ಕಿ ಮೂರೂ ಭಾಷೆಗಳಲ್ಲಿತ್ತು: ಗೆಮೈನ್‌ಜಾಮ್, ಜಾಯೆಡ್ನೊ, ಬಿರ್ಲಿಕ್ತೆ. 26 ಅಭ್ಯರ್ಥಿಗಳಲ್ಲಿ ಐವರು ತುರ್ಕಿಯ ಪ್ರಜೆಗಳು. ಚುನಾವಣಾ ಆಯೋಗ ಆ ಐವರ ಹೆಸರು ಹೊಡೆದು ಹಾಕಿತು. ಉಳಿದವರೊಂದಿಗೆ ಸ್ಪರ್ಧಿಸಿದ ಪಟ್ಟಿಗೆ 70ರಲ್ಲಿ 2 ಸ್ಥಾನ ಬಂದವು. ಅವರು ಅಷ್ಟಕ್ಕೆ ಸುಮ್ಮನಾಗದೆ ಚುನಾವಣೆಯನ್ನೇ ಪ್ರಶ್ನಿಸಿದರು. ಸಚಿವಾಲಯ ಒಪ್ಪಲಿಲ್ಲ. ಆಸ್ಟ್ರಿಯಾದ ಸಾಂವಿಧಾನಿಕ ನ್ಯಾಯಾಲಯಕ್ಕೆ ಅನುಮಾನ ಬಂದು 2001ರಲ್ಲಿ ಪ್ರಶ್ನೆಯನ್ನು ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿಯನ್ ನ್ಯಾಯಾಲಯಕ್ಕೆ ಕಳಿಸಿತು.

ಲಕ್ಸೆಂಬರ್ಗಿನ ನ್ಯಾಯಾಧೀಶರಿಗೆ ಇಂಥ ವ್ಯಾಜ್ಯ ಹೊಸದಲ್ಲ. ಅದೇ ಊರಿನ ವಲಸೆ ಕಾರ್ಮಿಕರ ಬೆಂಬಲ ಸಂಘವೊಂದು ತನ್ನಲ್ಲಿ ಕೆಲಸ ಮಾಡುವ ವಿದೇಶಿಯರ ಪರವಾಗಿ ಅಲ್ಲಿನ ನೌಕರರ ಛೇಂಬರಿಗೆ ವಂತಿಗೆ ಕಟ್ಟಲು ಒಪ್ಪಿರಲಿಲ್ಲ. ಮತವಿಲ್ಲದವರಿಂದ ವಂತಿಗೆ ಯಾಕೆ ಎಂದು ಅದರ ವಾದ. 1991ರಲ್ಲಿ ತೀರ್ಪು ಸಂಘದ ಪರವಾಗಿ ಬಂದಿತ್ತು. ಆದರೆ ಅದು ಯುರೋಪಿಯನ್ ಸಮುದಾಯದೊಳಗಿನ ದೇಶಗಳ ಪ್ರಜೆಗಳ ಮಾತು. ತುರ್ಕಿ ಆ ಒಕ್ಕೂಟದ ಸದಸ್ಯ ದೇಶವಲ್ಲ. ಅದಕ್ಕೆ ಬೇರೆ ದಾರಿ ಹುಡುಕಬೇಕಾಯಿತು. ಸಮುದಾಯಕ್ಕೂ ತುರ್ಕಿಗೂ ನಡುವಿನ ಒಪ್ಪಂದದಡಿ 1980ರಲ್ಲಿ ಆದ ಒಂದು ನಿರ್ಣಯ, ಕಾನೂನುಬದ್ಧವಾಗಿ ದುಡಿಯುವ ತುರ್ಕಿಯರಿಗೆ ಸಂಬಳ ಮತ್ತು ಇತರ ಕೆಲಸದ ಷರತ್ತುಗಳಲ್ಲಿ ಭೇದ ಮಾಡಬಾರದು ಎನ್ನುತ್ತದೆ. ಕಾರ್ಮಿಕರ ಹಿತ ಕಾಯುವ ಸಂಸ್ಥೆಗೆ ನಿಲ್ಲುವುದೂ 'ಕೆಲಸದ ಷರತ್ತು'ಗಳೊಳಗೆ ಬರುತ್ತದೆ ಎಂದು ನ್ಯಾಯಾಲಯ 2003ರ ಮೇ 8ರಂದು ತೀರ್ಪು ಕೊಟ್ಟಿತು. ಛೇಂಬರ್ ಸಾರ್ವಜನಿಕ ಅಧಿಕಾರ ಚಲಾಯಿಸುವ ಸಂಸ್ಥೆ, ಹಾಗಾಗಿ ಪೌರರಿಗೆ ಮಾತ್ರ ಎಂಬ ಆಸ್ಟ್ರಿಯಾದ ವಾದ ನಿಲ್ಲಲಿಲ್ಲ. ಮರುವರ್ಷ ಯುರೋಪಿಯನ್ ಆಯೋಗ ಹೂಡಿದ ಇನ್ನೊಂದು ಮೊಕದ್ದಮೆಯಲ್ಲೂ ಆಸ್ಟ್ರಿಯಾ ಸೋತಿತು.

ಇದಕ್ಕೂ ಮೊದಲು ಇನ್ನೊಂದು ಕಡೆಯಿಂದ ಪೆಟ್ಟು ಬಿದ್ದಿತ್ತು. ಕಾರ್ಖಾನೆ, ಕಚೇರಿಗಳ ನೌಕರರ ಸಮಿತಿಗಳಿಗೂ ಇದೇ ನಿಯಮವಿತ್ತು. ಲಿಂಟ್ಸ್ ನಗರದಲ್ಲಿ ವಿದೇಶಿಯರಿಗೆ ನೆರವಾಗುವ ಸಂಸ್ಥೆಯೊಂದರ ನೌಕರ ಮುಮ್ತಾಜ್ ಕರಾಕುರ್ತ್ 1994ರಲ್ಲಿ ಅಂಥ ಸಮಿತಿಗೆ ಆಯ್ಕೆಯಾದರು. ಅವರು ತುರ್ಕಿಯ ಪ್ರಜೆ ಎಂಬ ಕಾರಣಕ್ಕೆ ನ್ಯಾಯಾಲಯಗಳು ಆಯ್ಕೆಯನ್ನು ರದ್ದು ಮಾಡಿದವು. ವಿಷಯ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯವರೆಗೆ ಹೋಗಿ, 2002ರ ಏಪ್ರಿಲ್‌ನಲ್ಲಿ ಅದು ಸಮಾನತೆಯ ಉಲ್ಲಂಘನೆ ಎಂದು ಸಮಿತಿ ಹೇಳಿತು. ಸಹೋದ್ಯೋಗಿಗಳ ಪರವಾಗಿ ಮಾತಾಡಲು ಪೌರತ್ವ ಯಾಕೆ ಬೇಕು ಎಂಬುದಕ್ಕೆ ಸಮಂಜಸ ಉತ್ತರ ಸಿಗಲಿಲ್ಲ. ಕೊನೆಗೆ 2006ರಲ್ಲಿ ಕಾನೂನು ತಿದ್ದುಪಡಿಯಾಯಿತು. ಛೇಂಬರಿಗೂ ನೌಕರರ ಸಮಿತಿಗೂ ಈಗ ಯಾವ ದೇಶದವರಾದರೂ ನಿಲ್ಲಬಹುದು.

ಬಾಗಿಲು ತೆರೆದ ಮೇಲೆ ಒಳಗೆ ಬಂದವರು ಬಾಗಿಲು ತೆರೆಸಿದವರಷ್ಟೇ ಅಲ್ಲ ಎಂಬುದು ಈ ಕಥೆಯ ಸ್ವಾರಸ್ಯ. ಮೂರು ಭಾಷೆಯ ಪಟ್ಟಿ ಮಿಶ್ರ ಪಟ್ಟಿಯಾಗಿತ್ತು, ಎಡಪಂಥೀಯ ಕಾರ್ಮಿಕ ಚಳವಳಿಯ ಮಣ್ಣಿನಲ್ಲಿ ಬೆಳೆದದ್ದು. ನಂತರ ಬಂದವು ವಲಸಿಗರೇ ಮುಂದಾಳಾದ ಪಟ್ಟಿಗಳು. ಅದ್ನಾನ್ ದಿಂಜೆರ್ ನೇತೃತ್ವದ 'ಭವಿಷ್ಯಕ್ಕಾಗಿ ಹೊಸ ಚಳವಳಿ' ಅವುಗಳಲ್ಲಿ ಹೆಸರು ಮಾಡಿದ್ದು. ಜರ್ಮನ್ ಹೆಸರಿನ ಮೊದಲಕ್ಷರಗಳಿಂದ ಅದನ್ನು ಎನ್‌ಬಿಝೆಡ್ ಎನ್ನುತ್ತಾರೆ. ಆಮೇಲೆ 'ಎಲ್ಲ ಸಂಸ್ಕೃತಿಗಳ ತಾಯ್ನೆಲ' ಎಂಬ ಅರ್ಥದ ಹೆಸರು ಹೊತ್ತ, ಎಚ್‌ಎಕೆ ಎಂದು ಕರೆಸಿಕೊಳ್ಳುವ ಇನ್ನೊಂದು ಪಟ್ಟಿಯೂ ಎದ್ದಿತು. ಎರಡಕ್ಕೂ ಛೇಂಬರಿನ ಸಭೆಯಲ್ಲಿ ಸ್ಥಾನ ಸಿಕ್ಕಿತು.

ಇವರು ಕೇಳುವುದು ಏನು? ಹೆಚ್ಚಿನದು ದಿನನಿತ್ಯದ ಸಂಗತಿ. ಅರ್ಜಿಯಲ್ಲಿ ವಿದೇಶಿ ಹೆಸರು ಕಂಡ ಕೂಡಲೆ ಪಕ್ಕಕ್ಕಿಡುವುದು ನಿಲ್ಲಲಿ, ಹೊರದೇಶದ ಓದಿಗೆ ಇಲ್ಲಿ ಮಾನ್ಯತೆ ಸಿಗಲಿ, ಛೇಂಬರಿನ ಸಲಹೆ ತುರ್ಕಿ ಭಾಷೆಯಲ್ಲೂ ದೊರೆಯಲಿ, ಪಾಳಿ ಕೆಲಸದವರ, ಗುತ್ತಿಗೆ ಕೆಲಸದವರ ಮಾತು ಕೇಳಲಿ. ಇವು ಕ್ರಾಂತಿಯ ಘೋಷಣೆಗಳಲ್ಲ. ಆದರೆ ದಶಕಗಳ ಕಾಲ ದೊಡ್ಡ ಸಂಘಗಳ ಕಾರ್ಯಸೂಚಿಯಲ್ಲಿ ಕೆಳಗಿನ ಸಾಲಿನಲ್ಲಿದ್ದ ವಿಷಯಗಳು. ವಿದೇಶಿ ಕಾರ್ಮಿಕರನ್ನು ತರಿಸಲು ಸಹಿ ಹಾಕಿದ ಕಾರ್ಮಿಕ ಒಕ್ಕೂಟವೇ, ಕೆಲಸ ಕಡಿಮೆಯಾದಾಗ ಮೊದಲು ಅವರನ್ನೇ ಬಿಡಿಸಬೇಕೆಂಬ ನಿಲುವನ್ನೂ ಬಹುಕಾಲ ಇಟ್ಟುಕೊಂಡಿತ್ತು. ಆ ನೆನಪು ಹಳೆಯ ತಲೆಮಾರಿನವರಲ್ಲಿ ಇನ್ನೂ ಇದೆ.

ಛೇಂಬರಿನ ಲೆಕ್ಕ ಸಣ್ಣವರಿಗೆ ಅನುಕೂಲವಾಗಿದೆ. 70ರಲ್ಲಿ 2 ಸ್ಥಾನ ಎಂದರೆ ಶೇ. 3ಕ್ಕೂ ಕಡಿಮೆ, ಅಷ್ಟು ಚಿಕ್ಕ ಪಟ್ಟಿಗೂ ಒಳಗೆ ಜಾಗವಿದೆ. ಮತದಾನದ ಪ್ರಮಾಣ ಕಡಿಮೆ ಇರುವುದರಿಂದ ತನ್ನವರನ್ನು ಮತಗಟ್ಟೆಗೆ ಕರೆತರಬಲ್ಲ ಗುಂಪಿನ ತೂಕ ಹೆಚ್ಚುತ್ತದೆ. ಮಸೀದಿಯ ಸಂಘ, ಚಹಾದಂಗಡಿ, ಫುಟ್ಬಾಲ್ ಕ್ಲಬ್ಬು, ಒಂದೇ ಪಾಳಿಯ ಗೆಳೆತನ ಎಲ್ಲವೂ ಪ್ರಚಾರದ ದಾರಿಗಳೇ.

ರಾಜ್ಯ ಶಾಸನಸಭೆಯ ಕಡೆ ತಿರುಗಿದರೆ ಚಿತ್ರವೇ ಬೇರೆ. ರಾಜಧಾನಿ ಬ್ರೆಗೆಂಟ್ಸ್‌ನಲ್ಲಿರುವ ಆ ಸಭೆಗೆ 36 ಸ್ಥಾನ. ಶೇ. 5ರ ಹೊಸ್ತಿಲು ದಾಟದ ಪಟ್ಟಿಗೆ ಸ್ಥಾನವಿಲ್ಲ. ಮತದಾರ ಆಸ್ಟ್ರಿಯಾದ ಪೌರನಾಗಿರಬೇಕು. 2019ರ ಅಕ್ಟೋಬರ್ 13ರ ಚುನಾವಣೆಯಲ್ಲಿ ಎಚ್‌ಎಕೆ ಸ್ಪರ್ಧಿಸಿತು. ಜನತಾ ಪಕ್ಷಕ್ಕೆ 17, ಹಸಿರು ಪಕ್ಷಕ್ಕೆ 7, ಫ್ರೀಡಂ ಪಕ್ಷಕ್ಕೆ 5, ಸಮಾಜವಾದಿಗಳಿಗೆ 4, ನಿಯೋಸ್ ಪಕ್ಷಕ್ಕೆ 3 ಸ್ಥಾನ ಹೋದವು. ವಲಸಿಗರ ಪಟ್ಟಿ ಹೊಸ್ತಿಲಿನ ಹತ್ತಿರಕ್ಕೂ ಬರಲಿಲ್ಲ.

ಇದಕ್ಕೆ ಬೆಂಬಲ ಇಲ್ಲದ್ದಷ್ಟೇ ಕಾರಣವಲ್ಲ, ಬೆಂಬಲಿಗರಿಗೆ ಮತವೇ ಇಲ್ಲದ್ದು ಕೂಡ ಕಾರಣ. ಆಸ್ಟ್ರಿಯಾದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಬರುವುದಿಲ್ಲ. ತಂದೆ ತಾಯಿಯ ಪೌರತ್ವ ನೋಡುತ್ತಾರೆ. ಹೊರಗಿನವರಿಗೆ ಸಾಮಾನ್ಯವಾಗಿ 10 ವರ್ಷದ ವಾಸ, ಸ್ಥಿರ ಆದಾಯದ ಪುರಾವೆ, ಜರ್ಮನ್ ಭಾಷೆಯ ಪರೀಕ್ಷೆ, ದುಬಾರಿ ಶುಲ್ಕ. ಅರೆಕಾಲಿಕ ಕೆಲಸದ ಹೆಂಗಸು, ಕಡಿಮೆ ಸಂಬಳದ ಗಂಡಸು ಆದಾಯದ ಷರತ್ತಿನಲ್ಲೇ ಸಿಕ್ಕಿಬೀಳುತ್ತಾರೆ. ಇದರ ಮೇಲೆ ಹಳೆಯ ಪೌರತ್ವವನ್ನು ಬಿಡಬೇಕು. ಊರಿನ ಜಮೀನು, ಪಿತ್ರಾರ್ಜಿತ ಆಸ್ತಿಯ ಭಯದಿಂದ ಬಿಡಲೊಲ್ಲದವರಿಗಾಗಿ ತುರ್ಕಿ ಸರ್ಕಾರ ಮೊದಲು ಗುಲಾಬಿ ಬಣ್ಣದ, ಆಮೇಲೆ ನೀಲಿ ಬಣ್ಣದ ಕಾರ್ಡ್ ಕೊಟ್ಟಿತು: ಮತದ ಹಕ್ಕಿಲ್ಲ, ಆದರೆ ಆಸ್ತಿಯ ಹಕ್ಕುಗಳು ಉಳಿಯುತ್ತವೆ. ಆದರೂ ಕೆಲವರು ಗುಟ್ಟಾಗಿ ಎರಡೂ ಪೌರತ್ವ ಇಟ್ಟುಕೊಂಡಿದ್ದಾರೆ ಎಂಬ ಗುಮಾನಿ ಹೋಗಲಿಲ್ಲ. 2017ರಲ್ಲಿ ತುರ್ಕಿಯ ಮತದಾರರ ಪಟ್ಟಿ ಎನ್ನಲಾದ ಕಡತವೊಂದನ್ನು ಫ್ರೀಡಂ ಪಕ್ಷ ಅಧಿಕಾರಿಗಳ ಕೈಗಿಟ್ಟಿತು. ಅದರ ಆಧಾರದಲ್ಲಿ ಸಾವಿರಾರು ಜನರ ಪೌರತ್ವದ ತನಿಖೆ ಶುರುವಾಯಿತು. ಮೂಲ ತಿಳಿಯದ ಆ ಕಡತ ಸಾಕ್ಷ್ಯವಾಗಲಾರದು ಎಂದು 2018ರ ಡಿಸೆಂಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಹೇಳುವವರೆಗೆ ಅನೇಕ ಕುಟುಂಬಗಳು ಕಾಗದ ಹಿಡಿದು ಕಚೇರಿಗಳಿಗೆ ಅಲೆದವು.

ದೇಶದ ರಾಜಧಾನಿ ವಿಯೆನ್ನಾ ನಗರವೂ ಹೌದು, ರಾಜ್ಯವೂ ಹೌದು. ಅಲ್ಲಿನ ಅನುಭವವೂ ಇದೇ. 2002ರ ಕೊನೆಯಲ್ಲಿ ನಗರ ಸಭೆ, ಐದು ವರ್ಷ ನೆಲೆಸಿದ ವಿದೇಶಿಯರಿಗೆ ಜಿಲ್ಲಾ ಮಂಡಲಿಗಳ ಮಟ್ಟದಲ್ಲಿ ಮತ ಕೊಡಲು ಹೊರಟಿತು. 2004ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸಂವಿಧಾನದಲ್ಲಿ 'ಜನತೆ' ಎಂದರೆ ಪೌರರು ಎಂಬುದು ಅದರ ವ್ಯಾಖ್ಯಾನ. ಯುರೋಪಿಯನ್ ಒಕ್ಕೂಟದ ಪ್ರಜೆಗಳಿಗೆ ಮಾತ್ರ ಜಿಲ್ಲಾ ಮಟ್ಟದ ಮತ ಉಳಿಯಿತು. 2015ರಲ್ಲಿ ವೈದ್ಯ ತುರ್ಗಾಯ್ ತಾಷ್ಕಿರಾನ್ ಮುಂದಾಳತ್ವದ 'ವಿಯೆನ್ನಾಗಾಗಿ ಒಟ್ಟಾಗಿ' ಪಟ್ಟಿ ಶೇ. 1ರ ಆಸುಪಾಸಿನಲ್ಲಿ ನಿಂತಿತು. 2020ರಲ್ಲಿ ಹಕಾನ್ ಗೋರ್ದು ಅವರ 'ಭವಿಷ್ಯದ ಸಾಮಾಜಿಕ ಆಸ್ಟ್ರಿಯಾ' ಪಕ್ಷ ಶೇ. 1.2 ಮತ ಪಡೆಯಿತು. ಆಗ 16 ದಾಟಿದ ವಿಯೆನ್ನಾ ನಿವಾಸಿಗಳಲ್ಲಿ ಸುಮಾರು ಶೇ. 30ರಷ್ಟು ಜನರಿಗೆ ಪೌರತ್ವವಿಲ್ಲದೆ ನಗರ ಸಭೆಗೆ ಮತವಿರಲಿಲ್ಲ.

ನಿಯಮ ಬೇರೆಯಾದರೆ ಫಲಿತಾಂಶ ಹೇಗೆ ಬೇರೆಯಾಗುತ್ತದೆ ಎಂಬುದಕ್ಕೆ ನೆದರ್ಲೆಂಡ್ಸ್ ಸಾಕ್ಷಿ. ಅಲ್ಲಿ ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿದ ವಿದೇಶಿಯರಿಗೆ ಪುರಸಭೆ ಚುನಾವಣೆಯಲ್ಲಿ 1980ರ ದಶಕದಿಂದಲೇ ಮತವಿದೆ, ಸಂಸತ್ತಿಗೆ ಶೇ. 5ರಂಥ ಹೊಸ್ತಿಲಿಲ್ಲ. ಲೇಬರ್ ಪಕ್ಷದಿಂದ ಹೊರಬಂದ ತುನಹಾನ್ ಕುಜು ಮತ್ತು ಸೆಲ್ಚುಕ್ ಒಜ್‌ತುರ್ಕ್ ಕಟ್ಟಿದ ಡೆಂಕ್ ಪಕ್ಷ 2017ರಲ್ಲಿ ಶೇ. 2ರಷ್ಟು ಮತದಿಂದಲೇ 150ರಲ್ಲಿ 3 ಸ್ಥಾನ ಗೆದ್ದಿತು. ಅಷ್ಟೇ ಮತ ಆಸ್ಟ್ರಿಯಾದಲ್ಲಿ ಬಿದ್ದಿದ್ದರೆ ಸೊನ್ನೆ.

ಹಾಗೆಂದು ಎಲ್ಲ ದೋಷವನ್ನೂ ನಿಯಮದ ಮೇಲೆ ಹೊರಿಸುವಂತಿಲ್ಲ. ವಲಸಿಗರೆಲ್ಲ ಒಂದೇ ಜನವಲ್ಲ. ತುರ್ಕಿಯಿಂದ ಬಂದವರಲ್ಲೇ ಸುನ್ನಿ, ಅಲೆವಿ, ಕುರ್ದ್ ಎಂಬ ಭೇದಗಳಿವೆ. ಅಲೆವಿಯರೂ ಕುರ್ದರೂ ಇಂಥ ಪಟ್ಟಿಗಳನ್ನು ನಂಬುವುದು ಕಡಿಮೆ. ಬೋಸ್ನಿಯಾ, ಸರ್ಬಿಯಾ, ರೊಮೇನಿಯಾದವರಿಗೆ ಅವು 'ತುರ್ಕಿಯರ ಪಟ್ಟಿ'ಯಾಗಿಯೇ ಕಾಣುತ್ತವೆ. ತುರ್ಕಿಯ ಅಧ್ಯಕ್ಷ ಎರ್ಡೋಆನ್ ಅವರ ಪಕ್ಷದ ನೆರಳು ಇವುಗಳ ಹಿಂದಿದೆ ಎಂದು ವಿರೋಧಿಗಳು ಮತ್ತೆ ಮತ್ತೆ ದೂರುತ್ತಾರೆ, ಮುಖಂಡರು ಅಲ್ಲಗಳೆಯುತ್ತಾರೆ. ಒಂದೇ ಸಮುದಾಯದ ಮತಕ್ಕೆ ಎರಡು ಪಟ್ಟಿ ಹೊಡೆದಾಡಿದರೆ ಇಬ್ಬರಿಗೂ ನಷ್ಟ; ಫೋರಾರ್ಲ್‌ಬೆರ್ಗಿನಲ್ಲಿ ಅದೂ ಆಗಿದೆ.

ದೊಡ್ಡ ಪಕ್ಷಗಳೂ ಕಣ್ಣುಮುಚ್ಚಿ ಕೂತಿಲ್ಲ. ಹಸಿರು ಪಕ್ಷದ ಅಲೆವ್ ಕೊರುನ್ 2008ರಲ್ಲಿ ಆಸ್ಟ್ರಿಯಾದ ಸಂಸತ್ತಿನ ಕೆಳಮನೆಗೆ ಬಂದರು. ತುರ್ಕಿಯಲ್ಲಿ ಹುಟ್ಟಿ ಆ ಮನೆ ಸೇರಿದವರಲ್ಲಿ ಅವರು ಮೊದಲಿಗರು. ಸಮಾಜವಾದಿಗಳೂ ಜನತಾ ಪಕ್ಷದವರೂ ತಮ್ಮ ಪಟ್ಟಿಗಳಲ್ಲಿ ವಲಸೆ ಮೂಲದ ಹೆಸರುಗಳನ್ನು ಸೇರಿಸಿಕೊಳ್ಳುತ್ತಾರೆ. ಛೇಂಬರ್ ಚುನಾವಣೆ ಬಂದಾಗ ತುರ್ಕಿ ಭಾಷೆಯ ಕರಪತ್ರಗಳನ್ನು ಹಂಚುವುದು ಈಗ ಸಾಮಾನ್ಯ. ಸ್ವತಂತ್ರ ಪಟ್ಟಿಗಳ ನಿಜವಾದ ಸಾಧನೆ ಇದೇ ಇರಬಹುದು: ತಾವು ಗೆದ್ದ ಕೆಲವೇ ಸ್ಥಾನಗಳಿಗಿಂತ, ಆ ಸ್ಥಾನ ಕಳೆದುಕೊಂಡವರಲ್ಲಿ ಹುಟ್ಟಿಸಿದ ಎಚ್ಚರ.

ಛೇಂಬರಿನ ಕಳೆದ ಚುನಾವಣೆಯೂ ಫೋರಾರ್ಲ್‌ಬೆರ್ಗ್ ಶಾಸನಸಭೆಯ ಚುನಾವಣೆಯೂ 2024ರಲ್ಲೇ ನಡೆದವು. ಐದು ವರ್ಷದ ಲೆಕ್ಕದಲ್ಲಿ ಎರಡೂ ಮತ್ತೆ ಬರುವುದು 2029ಕ್ಕೆ. ಛೇಂಬರಿನ ನಿಯಮ ತುರ್ಕಿಯವರಿಗಷ್ಟೇ ಮಾಡಿದ್ದಲ್ಲ. ಕರ್ನಾಟಕದಿಂದ ವಿಯೆನ್ನಾಕ್ಕೋ ಗ್ರಾಟ್ಸ್‌ಗೋ ಕೆಲಸಕ್ಕೆ ಹೋದ ಎಂಜಿನಿಯರ್, ನರ್ಸ್, ಅಡುಗೆಯವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅದರ ಸದಸ್ಯರು. ಅವರ ಸಂಬಳದಲ್ಲೂ ಆ ಶೇ. 0.5 ಕಡಿತವಾಗುತ್ತದೆ, ಅವರಿಗೂ ಮತವಿದೆ. ಕಳೆದ ಐದು ವರ್ಷಗಳಲ್ಲಿ ಒಟ್ಟು ಎರಡು ವರ್ಷ ಆಸ್ಟ್ರಿಯಾದಲ್ಲಿ ದುಡಿದಿದ್ದರೆ ಅಭ್ಯರ್ಥಿಯಾಗಿಯೂ ನಿಲ್ಲಬಹುದು. ಅಲ್ಲಿ ಬಂಧುಗಳಿರುವವರು ಇದನ್ನು ಅವರ ಕಿವಿಗೆ ಹಾಕಲಿ.